ಆರು ಅಂಗಿ, ಒಂದು ಟೋಪಿ

"ಏಮ್ಮಾ, ನಾನು ಕೇಳಿದ್ದು ಗುಲಾಬಿ. ನೀನು ಹೊಲಿದುಕೊಟ್ಟಿರೋದು ಹೂಕೋಸು," ಅಂದರು ಲಕ್ಕೂರಿನ ಭಾರತಮ್ಮ.

"ಅಕ್ಕ, ಬೇಗ ಕೊಡಕ್ಕ, ಆಟೋ ಆನ್‌ನಲ್ಲೇ ಬಿಟ್ಟು ಬಂದಿದೀನಿ," ಅಂದ ಮುನಿಯಲ್ಲಪ್ಪ.

"ಪ್ರಯಾಣಿಕರ ಗಮನಕ್ಕೆ," ಅಂತ ಮೂಗಿನಲ್ಲೇ ಶುರು ಮಾಡಿದಳು ರೈಲ್ವೆ ಸ್ಟೇಷನ್ನಿನ ಹೆಂಗಸು, "ಬಾಬಿನ್ ದಾರವು ಇನ್ನು ಕೆಲವೇ ನಿಮಿಷಗಳಲ್ಲಿ ಮುಗಿಯಲಿದೆ."

ಕೊನೆಗೆ ಇನ್ನೊಂದು ದನಿ, ಬಹಳ ಮೆಲ್ಲಗೆ: "ಊಟ ಆಯ್ತಾ, ಮಗ?"

"ಆಯ್ತು," ಅಂದಳು ಸಹನ. ಆಗಿರಲಿಲ್ಲ.

ಐದೂ ದನಿ ಅವಳದೇ. ಮಾಲೂರಿನ ಸ್ಟೇಷನ್ ರೋಡಿನ ಆ ಪುಟ್ಟ ಅಂಗಡಿಯಲ್ಲಿ ಇದ್ದದ್ದು ಅವಳು ಮತ್ತು ಒಂದು ಕಂಪ್ಯೂಟರ್ ಎಂಬ್ರಾಯಿಡರಿ ಮಷೀನು. ಒಂದೂವರೆ ವರ್ಷದಿಂದ ಹೀಗೆ. ಮಷೀನು ಮಾತ್ರ ಎಷ್ಟು ಹೊತ್ತು ಮಾತಾಡೀತು? ಅದಕ್ಕೆ ಗೊತ್ತಿರುವುದು 'ಟಕಟಕ' ಒಂದೇ.

ಪರದೆ ಸರಿಯಿತು. ಹೊರಗಿನ ಬೆಂಚಿನಿಂದ ಎದ್ದುಬಂದ ಒಬ್ಬ ಗಂಡಸು ಒಳಗೆಲ್ಲ ಕಣ್ಣಾಡಿಸಿದ. ಮೂವತ್ತನಾಲ್ಕು ಮೂವತ್ತೈದು ಇರಬಹುದು. ಕೈಯಲ್ಲಿ ಪ್ಲಾಸ್ಟಿಕ್ ಕವರು.

"ಜನ ಇದಾರಲ್ಲ, ಹೋಗ್ಲಿ ಅಂತ ಅರ್ಧ ಗಂಟೆಯಿಂದ ಕೂತಿದೀನಿ," ಅಂದ. "ಅವರೆಲ್ಲ ಯಾವ ಕಡೆಯಿಂದ ಹೋದ್ರು?"

ಸಹನಳ ಕಿವಿ ಬಿಸಿಯಾಯಿತು. ಹಿಂಬಾಗಿಲಿದೆ ಅಂತ ಸುಳ್ಳು ಹೇಳೋಣವೆಂದರೆ ಅಲ್ಲಿದ್ದದ್ದು ಗೋಡೆ, ಗೋಡೆಯ ಮೇಲೆ ಕ್ಯಾಲೆಂಡರು.

"ಬಂದ ಕಡೆಯಿಂದ್ಲೇ," ಅಂದು ತನ್ನ ಗಂಟಲು ಮುಟ್ಟಿ ತೋರಿಸಿದಳು.

ಅವನು ನಗಲಿಲ್ಲ. ನಗು ತುಟಿಯವರೆಗೆ ಬಂದು, ಅಲ್ಲೇ ಒಂದು ಹೊಲಿಗೆ ಹಾಕಿದ ಹಾಗೆ ನಿಂತಿತು. ಅದು ಇನ್ನೂ ಚೆನ್ನಾಗಿತ್ತು.

ಹೆಸರು ವೇಣುಗೋಪಾಲ್. ಊರಾಚೆಯ ಬನಿಯನ್ ಬಟ್ಟೆ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಚೆಕಿಂಗ್ ಕೆಲಸ, ಭಾನುವಾರ ರಜ, ಬಾಡಿಗೆ ರೂಮು, ಮೆಸ್ಸಿನ ಊಟ. ಕವರಿನಲ್ಲಿ ಆರು ಪುಟಾಣಿ ಅಂಗಿ, ಒಂದು ಟೋಪಿ. ಯಲ್ದೂರಿಗೆ ಕೊಟ್ಟ ತಂಗಿಗೆ ಹೆಣ್ಣು ಮಗು. ಸೋದರಮಾವನ ಉಡುಗೊರೆ, ಎದೆಯ ಮೇಲೆ ಹೆಸರು ಬರಬೇಕು.

"ಮಗು ಹೆಸರೇನು?"

"ಹೇಳೋ ಹಾಗಿಲ್ಲ. ನಾಮಕರಣದ ದಿನ ಸೋದರತ್ತೆ ಕಿವೀಲಿ ಹೇಳೋವರೆಗೂ ಹೆಸರು ಮನೆ ದಾಟಬಾರದಂತೆ. ಇನ್ನೂ ಒಂದು ತಿಂಗಳ ಮೇಲಿದೆ."

"ಮತ್ತೆ ಏನು ಹೊಲೀಲಿ? ಬಿಟ್ಟ ಸ್ಥಳ ತುಂಬಿರಿ ಅಂತಲಾ?"

"ಅಲ್ಲೀವರೆಗೂ ಟ್ರಯಲ್ ನೋಡಿ. ಇದು ಜಗ್ಗೋ ಬಟ್ಟೆ, ಅಕ್ಷರ ನಿಲ್ಲೋದು ಕಷ್ಟ." ಅವನು ಬಾಗಿಲ ಮೇಲಿನ ಅಂಗಡಿ ಬೋರ್ಡಿನತ್ತ ನೋಡಿದ. "ಟ್ರಯಲ್‌ಗೆ ನಿಮ್ಮ ಹೆಸರೇ ಹಾಕಿ. ಸಹನ. ಮೂರೇ ಅಕ್ಷರ."

ಸಹನ ಅಂಗಿಯನ್ನು ರಿಂಗಿಗೆ ಸಿಕ್ಕಿಸಿ ನಾಲ್ಕೂ ಕಡೆ ಎಳೆದು, ಸ್ಕ್ರೂ ಬಿಗಿದು, ಬೆರಳಲ್ಲಿ ತಟ್ಟಿ ಕಿವಿಯಿಟ್ಟು ಕೇಳಿದಳು.

"ಅದೇನದು?"

"ಡೋಲಿನ ಹಾಗೆ ಸದ್ದು ಬರಬೇಕು. ಅಮ್ಮ ಹೇಳಿಕೊಟ್ಟಿದ್ದು. ಅವರ ಬ್ಲೌಸ್ ವರ್ಕು ಅಂದ್ರೆ ಕೋಲಾರದಿಂದ ಜನ ಬರೋರು."

ಅವನು ಏನೋ ಹೇಳಲು ಬಾಯಿ ತೆರೆದ. ಮುಚ್ಚಿದ.

ರಿಂಗಿನಲ್ಲಿ ಇದ್ದಷ್ಟು ಹೊತ್ತು ಅಕ್ಷರಗಳು ಮದುವಣಗಿತ್ತಿಯರ ಹಾಗೆ ಕೂತಿದ್ದವು. ಬಿಚ್ಚಿದ್ದೇ ತಡ, ಎಳೆದಿದ್ದ ಬಟ್ಟೆ ತನ್ನ ಜಾಗಕ್ಕೆ ವಾಪಸು ಓಡಿತು. ಜೊತೆಗೆ ದಾರವನ್ನೂ ಹಿಡಿದುಕೊಂಡು ಹೋಯಿತು. 'ಸ' ಸುಕ್ಕಾಯಿತು, 'ಹ'ದ ಹೊಟ್ಟೆ ಮುಚ್ಚಿಹೋಯಿತು, 'ನ' ಬಟ್ಟೆಯೊಳಗೆ ಮುಳುಗಿ ತಲೆಕಟ್ಟು ಮಾತ್ರ ಮೇಲೆ ಉಳಿಯಿತು.

"ಒಣದ್ರಾಕ್ಷಿ," ಅಂದಳು ಸಹನ.

"ಮುಂದಿನ ಭಾನುವಾರ ಬರ್ತೀನಿ," ಅಂದ ವೇಣುಗೋಪಾಲ್.

ಬಂದ. ಅದರ ಮುಂದಿನ ಭಾನುವಾರವೂ ಬಂದ. ವಾರಕ್ಕೊಂದು ಅಂಗಿ ಹಾಳು. ಸೂಜಿ ಬದಲಾಯಿಸಿದಳು, ದಾರ ಸಡಿಲಿಸಿದಳು, ಮಷೀನಿನ ಓಟ ತಗ್ಗಿಸಿದಳು. ಪ್ರತಿ ಸಲ ಅವನು ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುವಿ, ಬೆರಳಲ್ಲಿ ಸವರಿ ನೋಡುತ್ತಿದ್ದ. ಆಮೇಲೆ ಅದೇ ಕಣ್ಣು ಅಂಗಿ ಬಿಟ್ಟು ಅವಳ ಮುಖಕ್ಕೆ ಬರುತ್ತಿತ್ತು. ಎಲ್ಲಿ ಹೊಲಿಗೆ ಬಿಟ್ಟಿದೆ ಅಂತ ಹುಡುಕುವ ಕಣ್ಣು. ಸಹನ ತಲೆ ಬಗ್ಗಿಸಿ, ಪೋಣಿಸಿದ್ದ ಸೂಜಿಗೇ ಮತ್ತೆ ದಾರ ಪೋಣಿಸುತ್ತಿದ್ದಳು.

ಮೂರನೇ ಭಾನುವಾರ ಅವನು ಕೇಳಿದ: "ಅವತ್ತು ಭಾರತಮ್ಮ ಗೊತ್ತಾದ್ರು, ಆಟೋದವನು ಗೊತ್ತಾದ, ಸ್ಟೇಷನ್ ಗೊತ್ತಾಯ್ತು. ಕೊನೇಲಿ ಊಟ ಆಯ್ತಾ ಅಂತ ಕೇಳಿದ್ದು ಯಾರು?"

ಮಷೀನು ಓಡುತ್ತಲೇ ಇತ್ತು. ಅದು ನಿಂತ ಮೇಲೆ ಅವಳು ದಾರ ಕತ್ತರಿಸಿದಳು.

"ಅಮ್ಮ," ಅಂದಳು. "ಹೋದ ವರ್ಷ ಸಂಕ್ರಾಂತಿಗೆ ಮುಂಚೆ ಹೋಗ್ಬಿಟ್ರು. ಊರಲ್ಲಿ ಯಾರ ದನಿ ಬೇಕಾದ್ರೂ ಮಾಡ್ತೀನಿ. ಅವರದ್ದು ಮಾತ್ರ ಆ ಒಂದು ಮಾತು ಬಿಟ್ರೆ ಬರಲ್ಲ. ದಿನಾ ಒಂದು ಸಲ ಹೇಳ್ಕೋತೀನಿ, ಮರೆತುಹೋಗಬಾರದು ಅಂತ."

"ಉತ್ತರಾನೂ ನೀವೇ ಕೊಡ್ತೀರಾ?"

"ಇನ್ಯಾರು ಕೊಡ್ತಾರೆ?"

ಅವನು ನೆಲದಲ್ಲಿ ಬಿದ್ದಿದ್ದ ದಾರದ ತುಂಡುಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಉಂಡೆ ಮಾಡಿದ. ಹೋಗುವಾಗ ಅದನ್ನು ಬಿಸಾಡದೆ ಜೇಬಿಗೆ ಹಾಕಿಕೊಂಡದ್ದನ್ನು ಸಹನ ಕನ್ನಡಿಯಲ್ಲಿ ನೋಡಿದಳು. ಆ ವಾರ ಆರು ದಿನವೂ ಅಂಗಡಿ ವಿಪರೀತ ದೊಡ್ಡದಾಗಿ ಕಂಡಿತು.

ನಾಲ್ಕನೇ ಭಾನುವಾರವೂ ಕಳೆಯಿತು. ಅಂಗಿ ಎರಡೇ ಉಳಿದಿದ್ದವು. ಗುರುವಾರ ಮಧ್ಯಾಹ್ನ ಅವಳು ಟೋಪಿ ಎತ್ತಿಕೊಂಡಳು. ನಿಂಬೆಹಣ್ಣಿನ ಸಿಪ್ಪೆಯಷ್ಟಿದ್ದ ಅದು ಯಾವ ರಿಂಗಿಗೂ ಸಿಕ್ಕಲಿಲ್ಲ. ಎಳೆಯಲು ಜಾಗವೇ ಇಲ್ಲ. ಬೇರೆ ದಾರಿ ಕಾಣದೆ, ಬಟ್ಟೆಯ ಕೆಳಗೆ ಹಾಕುವ ಬ್ಯಾಕಿಂಗ್ ಪೇಪರನ್ನು ಮಾತ್ರ ರಿಂಗಿಗೆ ಬಿಗಿದಳು. ಅದರ ಮೇಲೆ ಟೋಪಿಯನ್ನು ಎಳೆಯದೆ, ಮಲಗಿದ ಮಗುವಿಗೆ ಹೊದಿಸುವ ಹಾಗೆ ಹರಡಿ, ಸುತ್ತ ಪಿನ್ನು ಚುಚ್ಚಿದಳು. ಮೇಲೆ ನೀರಿಗೆ ಕರಗುವ ತೆಳು ಹಾಳೆ, ಅಕ್ಷರ ಮುಳುಗದಿರಲಿ ಅಂತ. ತಟ್ಟಿ ನೋಡಲಿಲ್ಲ. ತಟ್ಟಿದರೂ ಸದ್ದು ಬರುತ್ತಿರಲಿಲ್ಲ.

ಯಾವ ಹೆಸರು? ಸುತ್ತ ನೋಡಿದಳು. ಯಾರೂ ಇರಲಿಲ್ಲ, ಯಾವತ್ತು ಇದ್ದರು? 'ವೇಣು' ಅಂತ ಕೊಟ್ಟಳು.

ಪಿನ್ನು ತೆಗೆದಾಗ ಬಟ್ಟೆ ಎಲ್ಲಿಗೂ ಓಡಲಿಲ್ಲ. ಓಡಲು ಯಾರೂ ಅದನ್ನು ಎಳೆದಿರಲಿಲ್ಲವಲ್ಲ. 'ಣ'ದ ಪ್ರತಿ ಸುರುಳಿಯೂ ಬಿಡಿಬಿಡಿಯಾಗಿ, ಉಸಿರಾಡುತ್ತ ಕೂತಿತ್ತು.

ಸಹನಳಿಗೆ ಖುಷಿಯಾಯಿತು. ಎಷ್ಟು ಹೊತ್ತು? ಟೋಪಿಯನ್ನು ಡ್ರಾಯರಿನವರೆಗೆ ಒಯ್ಯುವಷ್ಟು. ಅಕ್ಷರ ಸರಿಬಂತು ಅಂದರೆ ಟ್ರಯಲ್ ಮುಗಿಯಿತು. ಟ್ರಯಲ್ ಮುಗಿದರೆ ಭಾನುವಾರಗಳೂ ಮುಗಿದವು. ಆಮೇಲೆ ಮತ್ತೆ ಭಾರತಮ್ಮ, ಮುನಿಯಲ್ಲಪ್ಪ, ಪ್ರಯಾಣಿಕರ ಗಮನಕ್ಕೆ.

ಅವಳು ಡ್ರಾಯರು ಮುಚ್ಚಿದಳು. ಐದನೇ ಅಂಗಿಯನ್ನು ತೆಗೆದುಕೊಂಡು ಪೇಪರು, ಕರಗುವ ಹಾಳೆ ಸಮೇತ ರಿಂಗಿಗೆ ಹಾಕಿ, ಡೋಲಿನ ಹಾಗೆ ಬಿಗಿದಳು.

ಭಾನುವಾರ ವೇಣುಗೋಪಾಲ್ ಆ ಅಂಗಿಯನ್ನು ಕಿಟಕಿಗೆ ಹಿಡಿದ. ತಿರುವಿದ. ಬಹಳ ಹೊತ್ತು ನೋಡಿದ.

"ಇನ್ನೂ ಬರ್ತಾ ಇಲ್ಲ," ಅಂದಳು ಸಹನ, ದಾರದ ರೀಲುಗಳನ್ನು ಜೋಡಿಸುತ್ತ.

"ಅಂಚಲ್ಲಿ ಕರಗೋ ಹಾಳೆ ಚೂರು ಉಳಿದಿದೆ. ಹಿಂದೆ ಪೇಪರ್ ಹೊಸದು. ಸೂಜಿ ಗುಂಡು ಮೊನೆದು, ನೂಲು ಒಂದೂ ಕಟ್ಟಾಗಿಲ್ಲ. ಇಷ್ಟೆಲ್ಲ ಗೊತ್ತಿರೋರು ಬಟ್ಟೆ ಎಳೀತಾರಾ?" ಅವನ ದನಿಯಲ್ಲಿ ಗದರಿಕೆ ಇರಲಿಲ್ಲ. "ಇದು ಬೇಕಂತ್ಲೇ ಹಾಳು ಮಾಡಿದ್ದು. ಸರಿ ಬಂದಿದ್ದು ಎಲ್ಲಿ?"

ಈ ಒಂದೂವರೆ ವರ್ಷದಲ್ಲಿ ಮೊದಲ ಸಲ ಅವಳಿಗೆ ಯಾರ ದನಿಯೂ ನೆನಪಿಗೆ ಬರಲಿಲ್ಲ. ಡ್ರಾಯರು ಎಳೆದು ಟೋಪಿ ಕೊಟ್ಟಳು.

ಅವನು ಓದಿದ. ಎರಡೇ ಅಕ್ಷರ, ಎರಡು ಪುಟ ಇದ್ದ ಹಾಗೆ ಓದಿದ.

"ನನಗೆ ಟೋಪಿ ಹಾಕಿದ್ರಿ ಅನ್ನಿ," ಅಂದ ಕೊನೆಗೆ. "ನಾನೂ ನಿಮಗೆ ಹಾಕಿದೀನಿ. ನನಗೆ ಮೊದಲ ದಿನಾನೇ ಗೊತ್ತಿತ್ತು. ಬನಿಯನ್ ಬಟ್ಟೆ ಎಳೀಬಾರದು."

ಸಹನ ರೀಲು ಕೆಳಗಿಟ್ಟಳು. "ಐದು ವಾರ. ನಾನು ಹೊಲಿಗೆ ಬಿಚ್ಚಿ ಬಿಚ್ಚಿ ಬೆರಳು ಚುಚ್ಚಿಕೊಂಡಿದೀನಿ. ನೀವು ಇಲ್ಲೇ ನಿಂತು ನೋಡಿದ್ರಾ?"

"ನೋಡ್ದೆ. ತಪ್ಪು." ಅವನು ಟೋಪಿಯನ್ನು ಅಂಗೈ ಮೇಲೆ ಹರಡಿಕೊಂಡ. "ನೀವು ರಿಂಗು ತಟ್ಟಿ, ಕಿವಿ ಇಟ್ಟು, ಅಮ್ಮ ಹೇಳಿಕೊಟ್ಟಿದ್ದು ಅಂದ್ರಿ. ಅದು ತಪ್ಪು ಅಂತ ಹೆಂಗೆ ಹೇಳ್ಲಿ? ಅದು ಮೊದಲನೇ ವಾರ. ಎರಡನೇ ವಾರದಿಂದ ಬೇರೆ ಕಾರಣ. ಹೇಳಿದ್ರೆ ಮುಗಿದೋಗ್ತಿತ್ತು."

ಹೊರಗೆ ಬೆಂಗಳೂರಿನ ರೈಲು ಬಂದು ನಿಂತು ಹೋಯಿತು. ಅವಳಿಗೆ ಕೋಪ ಬಂದಿತ್ತು, ನಿಜ. ಆದರೆ ಅದು ರಿಂಗು ಬಿಚ್ಚಿದ ಬಟ್ಟೆಯ ಹಾಗೆ ಮೆಲ್ಲನೆ ಕಿರಿದಾಗುತ್ತಿತ್ತು.

"ಅಮ್ಮ ಹೇಳಿದ್ದು ತಪ್ಪೇನಲ್ಲ," ಅಂದಳು. "ಬ್ಲೌಸ್ ಬಟ್ಟೆಗೆ ಅದೇ ಸರಿ."

"ಬ್ಲೌಸ್ ಬಟ್ಟೆಗೆ ಅದೇ ಸರಿ," ಅವನು ಒಪ್ಪಿದ. "ಬುಧವಾರ ನಾಮಕರಣ. ಆರನೇ ಅಂಗಿ ಇಲ್ಲೇ ಇರ್ಲಿ. ಹೆಸರು ಕಿವೀಲಿ ಹೇಳಿದ ತಕ್ಷಣ ಫೋನ್ ಮಾಡ್ತೀನಿ."

ಟೋಪಿಯನ್ನು ಮಾತ್ರ ಅವನು ವಾಪಸು ಕೊಡಲಿಲ್ಲ.

ಬುಧವಾರ ಸಹನ ಬೆಳಗ್ಗೆಯೇ ಪೇಪರು ಬಿಗಿದು, ಅಂಗಿಯನ್ನು ಎಳೆಯದೆ ಹರಡಿ, ಪಿನ್ನು ಚುಚ್ಚಿ ಕಾದಳು. ಹತ್ತಾಯಿತು, ಹನ್ನೆರಡಾಯಿತು. ಒಂದು ದನಿಯನ್ನೂ ಮಾಡಲು ಮನಸ್ಸಾಗಲಿಲ್ಲ. ಫೋನ್ ಮಾಡದಿದ್ದರೆ? ಮನೆ ತುಂಬ ನೆಂಟರು. ಭಾನುವಾರದ ಮಾತು ಬುಧವಾರಕ್ಕೆ ಉಳಿಯಬೇಕು ಅಂತ ಎಲ್ಲಿದೆ?

ಒಂದು ಗಂಟೆ ದಾಟಿದ ಮೇಲೆ ಫೋನ್ ಬಂತು. ಹಿಂದೆ ಪಾತ್ರೆ ಸದ್ದು, ಯಾರೋ ತೆಲುಗಲ್ಲಿ ಎಲೆ ಹಾಕಲು ಕೂಗುತ್ತಿದ್ದರು, ಒಂದು ಮಗುವಿನ ಅಳು.

"ಚಂದನ," ಅಂದ ವೇಣುಗೋಪಾಲ್. "ಮನೆ ದಾಟಿ ಹೊರಗೆ ಮೊದಲು ಗೊತ್ತಾಗಿದ್ದು ನಿಮಗೇ."

"ಚಂದನ," ಅಂದಳು ಅವಳು, ತನ್ನದೇ ದನಿಯಲ್ಲಿ. ಮಷೀನಿಗೆ ಮೂರೂ ಅಕ್ಷರ ಕೊಟ್ಟಳು. "ಸರಿ. ಇಡ್ಲಾ?"

"ಇರಿ." ಅವನು ಗದ್ದಲದಿಂದ ದೂರ ಎಲ್ಲಿಗೋ ನಡೆದ. ಅಳು ಸಣ್ಣದಾಯಿತು. "ಊಟ ಆಯ್ತಾ?"

ಒಂದೂವರೆ ವರ್ಷದಿಂದ ಆ ಪ್ರಶ್ನೆಗೆ ಒಂದೇ ಉತ್ತರವಿತ್ತು, ಕೇಳಿದವಳೇ ಕೊಡುತ್ತಿದ್ದದ್ದು. ಇವತ್ತು ಕೇಳಿದವರು ಬೇರೆ. ಅವರಿಗೆ ಸುಳ್ಳು ಹೇಳುವುದು ಹೇಗೆಂದು ಸಹನಳಿಗೆ ಗೊತ್ತಿರಲಿಲ್ಲ.

"ಇಲ್ಲ," ಅಂದಳು.

"ಹಾಗಾದ್ರೆ ಕಾಯ್ತಾ ಇರಿ. ಒಬ್ಬಟ್ಟು ಕಟ್ಟಿಸ್ಕೊಂಡು ಎರಡು ಗಂಟೆ ಬಸ್ಸಿಗೆ ಬರ್ತೀನಿ. ನಾನೂ ಇಲ್ಲಿ ಉಣ್ಣಲ್ಲ."

ಅವಳು ಹೊರಗೆ ಹೋಗಿ ಬೆಂಚು ಒರೆಸಿದಳು. ಆಮೇಲೆ ಯೋಚಿಸಿ, ಅದನ್ನು ಎತ್ತಿ ಒಳಗೇ ತಂದು ಹಾಕಿದಳು.