ನೋಯದ ಹುಣ್ಣು

ಚಾಕು ನನ್ನ ಹೊಟ್ಟೆಯ ಕಡೆ ಬಂತು. ಅಂಗೈ ಅಡ್ಡ ಕೊಟ್ಟೆ.

ಕೊಯ್ಯಿತು!

ಮಾನ್ವಿಯ ಅಕ್ಕಿ ಗಿರಣಿ. ಮಟಮಟ ಮಧ್ಯಾಹ್ನ. ಭತ್ತದ ಚೀಲಗಳ ಸಂದಿಯಲ್ಲಿ ನಾನು, ಎದುರಿಗೆ ಯಮನೂರಪ್ಪ. ಕಾಣೆಯಾದವರನ್ನು ಹುಡುಕಿಕೊಡುವುದು ನನ್ನ ಕಸುಬು. ಸಿಕ್ಕವರು ಖುಷಿಪಟ್ಟಿದ್ದು ಕಮ್ಮಿ.

"ಹತ್ರ ಬಂದ್ರ ಹಾಕ್ತೀನಿ," ಎಂದ. "ಧಣಿ ಕಳಿಸ್ಯಾನಲ್ಲ ನಿನ್ನ?"

"ನಿನ್ನ ಹೇಣ್ತಿ ಕಳಿಸ್ಯಾಳ. ಪಕೀರಮ್ಮ."

"ಸುಳ್ಳು. ಕುರಿ ಸಂಬಂಧ ಬಂದೀ."

ಕುರಿಯ ಕತೆ ಇಷ್ಟೇ. ದೇವದುರ್ಗದ ಹತ್ತಿರ ಇವನ ಧಣಿಯ ಕುರಿಯೊಂದು ನಿಂತಲ್ಲೇ ಬಿದ್ದು ಸತ್ತಿತು. ಮೂಗಿನಲ್ಲಿ ಕರಿ ರಕ್ತ. ಕೊಯ್ಯಬೇಡ, ಹಾಗೇ ಹೂತು ಬಾ ಎಂದ ಧಣಿ. ಹೂತು ಬಂದೆ ಎಂದ ಯಮನೂರಪ್ಪ. ಎಲ್ಲಿ ಹೂತ? ಗೆಳೆಯ ಹಂಪಯ್ಯ ಕಾಲು ಹಿಡಿದ, ಇವನು ಚರ್ಮ ಸುಲಿದ, ಇಬ್ಬರೂ ಖಂಡ ಪಾಲು ಮಾಡಿಕೊಂಡರು. ಧಣಿಗೆ ಗೊತ್ತಾಯಿತೆಂಬ ಸುದ್ದಿ ಬಂತು... ಇವನು ಪರಾರಿ!

"ಹಂಪಯ್ಯ ಸತ್ತ," ಎಂದೆ. "ಇವತ್ತ ಮುಂಜಾನಿ. ರಾಯಚೂರು ದವಾಖಾನ್ಯಾಗ."

"ಧಣಿ ಹೊಡಿಸಿದ್ನಾ?"

"ಕುರಿ ಹೊಡೀತು."

ಅವನ ಮುಂಗೈ ನೋಡಿದೆ. ಊದಿದ ಹುಣ್ಣು, ನಡುವೆ ಕಪ್ಪು ಹಕ್ಕಳೆ.

"ಇದಾ? ಏನೂ ಆಗಲ್ರೀ. ನೋವ ಇಲ್ಲ."

"ಹಂಪಯ್ಯಗೂ ನೋವಿರಲಿಲ್ಲೋ, ಹುಚ್ಚಪ್ಯಾಲಿ."

ದವಾಖಾನೆಯ ಡಾಕ್ಟರ್ ಮೆಹನಾಜ್ ಬೆಳಿಗ್ಗೆ ಹೇಳಿದ್ದನ್ನೇ ಒದರಿದೆ. ನೆರಡಿ ರೋಗ... ಆಂಥ್ರಾಕ್ಸ್. ಕುರಿಯ ರಕ್ತದ ಕ್ರಿಮಿ ಸಣ್ಣ ಗೀರಿನಿಂದ ಒಳಗೆ ನುಗ್ಗುತ್ತದೆ. ಅಲ್ಲೇ ಕೂತು ವಿಷ ಕಾರುತ್ತದೆ. ಚರ್ಮ ಸತ್ತು ಕಪ್ಪಾಗುತ್ತದೆ, ನೋವು ಗೊತ್ತಾಗುವುದಿಲ್ಲ. ನೆತ್ತರಿಗೆ ಇಳಿದರೆ ಮೈಯೆಲ್ಲ ವಿಷ. ಆಮೇಲೆ ಔಷಧಿ ಕ್ರಿಮಿಯನ್ನು ಕೊಲ್ಲುತ್ತದೆ, ಅದು ಕಾರಿದ ವಿಷವನ್ನಲ್ಲ.

ಚಾಕು ಕೆಳಗಿಳಿಯಿತು.

"ಪಕೀರಿನೂ ಆ ಖಂಡ ಉಂಡಾಳ್ರೀ..."

"ಆಕಿಗೆ ಗುಳಿಗಿ ಕೊಟ್ಟಾರ. ನೀನೊಬ್ಬನ ಉಳ್ದೀ. ನಡಿ."

ಬೈಕ್ ಹತ್ತಿಸಿಕೊಂಡು ರಾಯಚೂರಿನತ್ತ ಬಿಟ್ಟೆ. ಕಲ್ಲೂರು ದಾಟುವಷ್ಟರಲ್ಲಿ ಅವನ ತಲೆ ನನ್ನ ಬೆನ್ನಿಗೆ ವಾಲಿತು. ಅಂಗಿಯ ಮೇಲಿಂದಲೇ ಜ್ವರ ಸುಡುತ್ತಿತ್ತು.

"ಮಲಗಬ್ಯಾಡಲೇ. ಮಾತಾಡು."

"ಏನ್ ಮಾತಾಡ್ಲಿ..."

"ಆ ಚಾಕು ಯಾವ್ದು? ಕುರಿ ಸುಲಿದದ್ದಾ?"

ಅವನ ತಲೆ ನನ್ನ ಬೆನ್ನಿನಿಂದ ಎದ್ದಿತು.

"ತೊಳ್ದೀನ್ರೀ," ಎಂದ. "ಚಲೋ ತಿಕ್ಕಿ ತೊಳ್ದೀನಿ."

ಆಕ್ಸಿಲರೇಟರ್ ಪೂರ್ತಿ ತಿರುಗಿಸಿದೆ. ಭಯವಾಯಿತು, ಸುಳ್ಳು ಯಾಕೆ ಹೇಳಲಿ?

ದವಾಖಾನೆಯ ಬಾಗಿಲಲ್ಲೇ ಪಕೀರಮ್ಮ ನಿಂತಿದ್ದಳು. ಗಂಡನನ್ನು ಕಂಡು ಅಳಲಿಲ್ಲ, ಬೈದಳು.

"ಸಾಯಾಕ ಅಷ್ಟು ದೂರ ಹೋಗಬೇಕಿತ್ತಾ?"

ಸೂಜಿ ಚುಚ್ಚಿ ಬಾಟಲಿ ಏರಿಸಿದ ಮೇಲೆ ಪಕೀರಮ್ಮ ಡಾಕ್ಟರರ ಸೆರಗು ಹಿಡಿದಳು. "ಉಳಿತಾನೇನ್ರೀ?"

"ಈಗ ಹೇಳಾಕ ಆಗಲ್ಲವ್ವ," ಎಂದರು ಮೆಹನಾಜ್. ಆಮೇಲೆ ನನ್ನ ಕೈ ನೋಡಿದರು. ಚಾಕುವಿನ ಸಂಗತಿ ಹೇಳಿದೆ. ತೊಳೆದಿದ್ದಾನಂತೆ ಎಂದೆ.

"ಆ ಕ್ರಿಮಿ ಗಟ್ಟಿ ಚಿಪ್ಪು ಕಟ್ಟಿಕೊಂಡು ಕುಂತಿರ್ತದ. ನೀರಿಗೆ ಬಗ್ಗಲ್ಲ. ನೀವೂ ಮಲಗ್ರಿ."

ಖಾಲಿ ಇದ್ದದ್ದು ಒಂದೇ ಹಾಸಿಗೆ. ಹಂಪಯ್ಯನದು.

ಪಕ್ಕದ ಹಾಸಿಗೆಯಿಂದ ಯಮನೂರಪ್ಪ ಅರೆಗಣ್ಣು ಬಿಟ್ಟ. "ಕೈ ಉರೀತದೇನ್ರೀ?"

"ಉರೀತದೋ."

ಉರಿಯಲಿ. ಜೀವನದಲ್ಲಿ ಮೊದಲ ಸಲ, ನೋವು ಹೋಗದಿರಲಿ ಎಂದು ದೇವರನ್ನು ಬೇಡಿಕೊಂಡೆ.