ನಡೆದೇ ಸಣ್ಣಗಾದವಳು

"ಮೇಡಂ, ಒಂದ್ನಿಮಿಷ! ಇದು ನಿಮ್ಮ ಅಕ್ಕನದ್ದಾ?"

ಹೆಬ್ಬಾಳ ಕೆರೆಯ ನಡಿಗೆ ದಾರಿಯಲ್ಲಿ ಪದ್ಮಶ್ರೀ ತಿರುಗಿ ನಿಂತಳು. ದಪ್ಪನೆಯ ಮನುಷ್ಯನೊಬ್ಬ ಏದುಸಿರು ಬಿಡುತ್ತ ಬರುತ್ತಿದ್ದ. ಕೈಯಲ್ಲಿ ಅವಳ ಐಡಿ ಕಾರ್ಡ್. ಬ್ಯಾಗಿನಿಂದ ಜಾರಿ ಬಿದ್ದಿರಬೇಕು. ಅದರ ಫೋಟೋದಲ್ಲಿ ಕಣ್ಣು ಕಿರಿದಾಗುವಷ್ಟು ಕೆನ್ನೆ ತುಂಬಿದ, ಗಲ್ಲದ ಕೆಳಗೆ ಮತ್ತೊಂದು ಗಲ್ಲವಿದ್ದ ಹೆಂಗಸು.

"ನಂದೇ ರೀ."

ಅವನು ಫೋಟೋ ನೋಡಿದ. ಅವಳನ್ನು ನೋಡಿದ. ಮತ್ತೆ ಫೋಟೋ ನೋಡಿದ. ಆ ನೋಟದಲ್ಲಿ ಕೊಂಕಿರಲಿಲ್ಲ. ಪರೀಕ್ಷೆಯಲ್ಲಿ ಪಕ್ಕದವನು ಲೆಕ್ಕ ಬಿಡಿಸಿದ್ದನ್ನು ಕಂಡ ಹುಡುಗನ ಆಸೆಯಿತ್ತು.

"ಎಷ್ಟು ಕೆಜಿ ಇಳಿದ್ರಿ?"

"ಇಪ್ಪತ್ತೇಳು."

"ಅಯ್ಯಪ್ಪಾ! ಹೇಗೆ?"

ನಿಜವಾದ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ನಾಲ್ಕು ತಿಂಗಳ ಹಿಂದೆ ಅವಳಿಗೆ ಆಪರೇಷನ್ ಆಗಿತ್ತು. ಹೊಟ್ಟೆಯನ್ನು ಪುಟ್ಟ ಚೀಲದಷ್ಟು ಮಾಡಿ, ಕರುಳನ್ನು ಬೇರೆ ದಾರಿಯಲ್ಲಿ ಜೋಡಿಸುವ ಬೈಪಾಸ್. ಇಳಕಲ್ಲಿನಲ್ಲಿದ್ದ ಅವ್ವ ಕಾಶವ್ವನೊಬ್ಬಳನ್ನು ಬಿಟ್ಟರೆ ಯಾರಿಗೂ ಅದು ಗೊತ್ತಿರಲಿಲ್ಲ. ವೆಟರ್ನರಿ ಕಾಲೇಜಿನ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಹಿಂದೊಮ್ಮೆ ಅಲ್ಲಿನ ಹೆಂಗಸೊಬ್ಬಳು ಇದೇ ಆಪರೇಷನ್ ಮಾಡಿಸಿಕೊಂಡು ಬಂದಾಗ, "ಬಾಯಿ ಕಟ್ಟೋಕಾಗದೆ ಹೊಟ್ಟೆ ಕೊಯ್ಸಿಕೊಂಡ್ಲು" ಎಂದು ಊಟದ ಹೊತ್ತಿನಲ್ಲಿ ಎಲ್ಲರೂ ನಕ್ಕಿದ್ದರು. ನಕ್ಕವರಲ್ಲಿ ಪದ್ಮಶ್ರೀಯೂ ಇದ್ದಳು.

"ನಡೆದು," ಎಂದಳು.

"ಬರೀ ನಡೆದು?"

"ಹೂಂ. ನಡೆದೇ."

ಅವನ ಹೆಸರು ತ್ರಿವಿಕ್ರಮ. ಆರ್.ಟಿ. ನಗರದಲ್ಲಿ ಅಮ್ಮನ ಜೊತೆ ಇದ್ದ. ಮತ್ತಿಕೆರೆಯ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದ. ವಯಸ್ಸು ಮೂವತ್ತೇಳು, ತೂಕ ನೂರ ಹದಿನಾಲ್ಕು. "ಮೂರು ಹೆಜ್ಜೇಲಿ ಮೂರು ಲೋಕ ಅಳೆದವನ ಹೆಸರು ಇಟ್ಟಿದ್ದಾರೆ, ಮೂರು ಮೆಟ್ಟಿಲು ಹತ್ತಿದ್ರೆ ನನಗೆ ಉಸಿರಿರಲ್ಲ," ಎಂದು ಮೊದಲ ದಿನವೇ ನಗಿಸಿದ. ಮರುದಿನ ಆರೂವರೆಗೆ ಗೇಟಿನ ಬಳಿ ಕಾಯುತ್ತಿದ್ದ.

ಅವಳಿಗೆ ಅವನು ಯಾವಾಗ ಇಷ್ಟವಾದನೆಂದು ಕೇಳಿದರೆ ಹೇಳಬಲ್ಲಳು. ಎರಡನೇ ವಾರ. ಆಪರೇಷನ್ನಿನ ನಂತರ ಅವಳಿಗೆ ಆಗಾಗ ಸುಸ್ತು ಬರುತ್ತಿತ್ತು. ಅವಳ ಹೆಜ್ಜೆ ನಿಧಾನವಾದಾಗೆಲ್ಲ ಅವನು ನಿಂತು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದ. ಅಷ್ಟು ದಪ್ಪ ಮೈಯನ್ನು ಬಗ್ಗಿಸಿ, ಮುಖ ಕೆಂಪಾಗಿಸಿಕೊಂಡು, ಎರಡೆರಡು ನಿಮಿಷ. ಒಂದು ದಿನ ನೋಡಿದರೆ ಅವನ ಶೂಗೆ ಲೇಸೇ ಇರಲಿಲ್ಲ.

"ಏನ್ ಕಟ್ತಿದ್ದೀರಿ?" ಎಂದು ಕೇಳಿದಳು.

ಅವನು ಬಗ್ಗಿದಲ್ಲಿಂದಲೇ ತಲೆಯೆತ್ತಿದ. ಸಿಕ್ಕಿಬಿದ್ದ ನಗು ಮೊದಲು ಕಣ್ಣಿಗೆ ಬಂದು ಆಮೇಲೆ ತುಟಿಗೆ ಇಳಿಯಿತು. "ನಿಮಗೆ ಸುಸ್ತಾಗಿದೆ ಅಂತ ಹೇಳಿದ್ರೆ ಬೇಜಾರಾಗುತ್ತೇನೋ ಅಂತ."

ಆ ಕ್ಷಣದಲ್ಲೇ ನಿಜ ಹೇಳಬೇಕಿತ್ತು. ಅವಳು ಹೇಳಲಿಲ್ಲ. ಮಾತು ಹೊರಗೆ ಬಂದರೆ ಈ ನಗು ಹೋಗಿಬಿಟ್ಟೀತೆಂಬ ಭಯ.

ಸುಳ್ಳು ಒಂದೇ ಪದದ್ದಾದರೂ ದಿನದಿನಕ್ಕೂ ಅದಕ್ಕೆ ಮೇವು ಹಾಕಬೇಕಾಯಿತು. ದರ್ಶಿನಿಯಲ್ಲಿ ಮೂರು ತುತ್ತಿಗೆ ಅವಳು ಕೈ ತೊಳೆದರೆ ಅವನು, "ಎಂಥಾ ಮನಸ್ಸು ರೀ ನಿಮ್ದು! ನನಗೆ ಅದೇ ಇಲ್ಲ," ಎನ್ನುತ್ತಿದ್ದ. ನಾಲ್ಕನೇ ತುತ್ತಿಗೆ ಹೊಟ್ಟೆಯಲ್ಲಿ ಜಾಗವೇ ಇಲ್ಲವೆಂದು ಅವಳಿಗಷ್ಟೇ ಗೊತ್ತು. ಒಮ್ಮೆ ಅವಳ ಬ್ಯಾಗಿನಲ್ಲಿ ಮಾತ್ರೆ ಕಂಡು, "ಏನಿದು?" ಎಂದ. "ವಿಟಮಿನ್," ಎಂದಳು. ಬೇಗ ತೂಕ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟದಿರಲೆಂದು ಡಾಕ್ಟರು ಆರು ತಿಂಗಳಿಗೆ ಬರೆದುಕೊಟ್ಟಿದ್ದ ಮಾತ್ರೆಯದು. ಮರುದಿನದಿಂದ ಕೊಡಿಗೇಹಳ್ಳಿಯ ಮನೆಯಲ್ಲೇ ಬಿಟ್ಟು ಬರತೊಡಗಿದಳು. ಮೊದಲು ಬೆಳಗಿನದು ತಪ್ಪಿತು, ಆಮೇಲೆ ರಾತ್ರಿಯದೂ. ಚೆಕಪ್ಪಿಗೆ ಹೋಗುವುದನ್ನೂ ಬಿಟ್ಟಳು.

ಅವನು ಮಾತ್ರ ಅವಳ ದಾರಿಯನ್ನು ವ್ರತದಂತೆ ಹಿಡಿದ. ಬೆಳಿಗ್ಗೆ ಆರು ಕಿಲೋಮೀಟರು, ಮಧ್ಯಾಹ್ನ ರಾಗಿ ಗಂಜಿ, ಸಂಜೆ ಏನಿಲ್ಲ. ಮೂರು ತಿಂಗಳಿಗೆ ಇಳಿದದ್ದು ನಾಲ್ಕು ಕೆಜಿ. ಮಧ್ಯಾಹ್ನದ ಗಂಜಿಯನ್ನೂ ಬಿಟ್ಟ. ಒಂದು ದಿನ ಪಾಠ ಮಾಡುತ್ತಿದ್ದಂತೆ ಬೋರ್ಡಿನ ಮುಂದೆ ತಲೆ ತಿರುಗಿ ಬಿದ್ದ. ಹುಬ್ಬಿನ ಮೇಲೆ ಮೂರು ಹೊಲಿಗೆ ಬಿತ್ತು. ಅವಳು ಓಡಿಹೋಗಿ ಪಕ್ಕದಲ್ಲಿ ಕುಳಿತಾಗ ಅವನು ಹೇಳಿದ್ದಿಷ್ಟೇ: "ನಿಮಗೆ ಆಗಿದ್ದು ನನಗ್ಯಾಕೆ ಆಗ್ತಿಲ್ಲ ರೀ? ನನ್ನಲ್ಲೇ ಏನೋ ಕೊರತೆ ಇದೆ."

ಅವಳು ಅವನ ಕೈ ಹಿಡಿದುಕೊಂಡಳು. ಗಂಜಿ ಬಿಡಬೇಡಿ, ಊಟ ಮಾಡಿ ಎಂದು ಬೈದಳು. ನಿಜವನ್ನು ಅಂದೂ ಹೇಳಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ಅಳುವುದು ಸುಲಭವಿತ್ತು.

ಆ ಹೊತ್ತಿಗಾಗಲೇ ಅವಳಿಗೆ ಎರಡು ಸಲ ಹೊಟ್ಟೆನೋವು ಬಂದು ಹೋಗಿತ್ತು. ಬಲಗಡೆ ಪಕ್ಕೆಲುಬಿನ ಕೆಳಗೆ ಶುರುವಾಗಿ ಬೆನ್ನಿಗೆ, ಭುಜಕ್ಕೆ ಏರುವ ನೋವು. ಸತ್ತ ಹಸುಗಳ ಪಿತ್ತಕೋಶವನ್ನು ಎಷ್ಟೋ ಸಲ ಕೈಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸಿದ್ದವಳು ಅವಳು. ನೋವು ಎಲ್ಲಿಂದ ಏಳುತ್ತಿದೆಯೆಂದು ತಿಳಿಯದವಳಲ್ಲ. ಆದರೂ ಗ್ಯಾಸ್ ಎಂದುಕೊಂಡು ಜೀರಿಗೆ ನೀರು ಕುಡಿದಳು.

ಒಂದು ಭಾನುವಾರ ತ್ರಿವಿಕ್ರಮ ಅವಳನ್ನು ಮನೆಗೆ ಊಟಕ್ಕೆ ಕರೆದ. ಅಮ್ಮನಿಗೆ ಪರಿಚಯ ಮಾಡಿಸಬೇಕು ಎಂದ. ಹೇಳುವಾಗ ಅವನ ಕಿವಿ ಕೆಂಪಾಗಿದ್ದನ್ನು ಕಂಡು, ಯಾವ ಪರಿಚಯವೆಂದು ಅವಳು ಕೇಳಲಿಲ್ಲ.

ಅವನ ತಾಯಿ ಸುಮಾ ಬಾಳೆಲೆ ಹಾಕಿ ಹೋಳಿಗೆ ಬಡಿಸಿದರು, ಮೇಲೆ ತುಪ್ಪ ಸುರಿದರು. "ನಮ್ಮ ವಿಕ್ಕಿ ಬಾಯಲ್ಲಿ ದಿನಾ ನಿಂದೇ ಮಾತಮ್ಮ. ನಿನ್ನ ಥರ ಛಲ ಇರೋ ಹುಡುಗಿ ಸಿಕ್ಕಿದ್ದು ಅವನ ಪುಣ್ಯ."

ಬೇಡವೆನ್ನಲು ಬಾಯಿ ಬರಲಿಲ್ಲ. ಅರ್ಧ ಹೋಳಿಗೆ ತಿಂದಳು. ಅರ್ಧ ಗಂಟೆಯಲ್ಲಿ ಪಕ್ಕೆಯ ಕೆಳಗೆ ಯಾರೋ ಬಟ್ಟೆ ಹಿಂಡಿದಂತೆ ನೋವು ತಿರುಚಿತು. ತಡೆದುಕೊಂಡು ನಕ್ಕಳು. ತ್ರಿವಿಕ್ರಮನ ಕಣ್ಣು ಅವಳ ಮೇಲೆಯೇ ಇತ್ತು. "ಏನಾಯ್ತು?" ಎನ್ನುವಷ್ಟರಲ್ಲಿ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಆಮೇಲೆ ನೇರ ನಿಲ್ಲಲಾಗಲಿಲ್ಲ.

ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರ್ ಹಮ್ಜಾ ಎಂಬ ಯುವಕ ನೋಡಿದ. "ಹಿಂದೆ ಏನಾದ್ರೂ ಆಪರೇಷನ್ ಆಗಿದ್ಯಾ?"

ಅವಳು ಬಾಯಿ ತೆರೆಯುವ ಮೊದಲೇ ತ್ರಿವಿಕ್ರಮ ಹೇಳಿದ. "ಇಲ್ಲ ಡಾಕ್ಟ್ರೇ. ತುಂಬಾ ಹೆಲ್ದಿ. ನಡೆದೇ ಇಲ್ಲೀತನಕ ನಲವತ್ತು ಕೆಜಿ ಇಳಿಸಿದೋರು ಇವರು."

ಆ ದನಿಯಲ್ಲಿದ್ದ ಹೆಮ್ಮೆ ನೋವಿಗಿಂತ ಹೆಚ್ಚು ಇರಿಯಿತು. ಅವಳು ಹೌದೆಂದು ತಲೆಯಾಡಿಸಿದಳು.

ಸ್ಕ್ಯಾನಿಂಗ್ ಕೋಣೆಗೆ ಅವಳೊಬ್ಬಳನ್ನೇ ಕರೆದೊಯ್ದರು. ಹೊಟ್ಟೆಯ ಮೇಲಿನ ಬಟ್ಟೆ ಸರಿಸಿದಾಗ ಐದು ಸಣ್ಣ ಗಾಯದ ಗುರುತು ಕಂಡವು. ಹಮ್ಜಾ ಹೋಗಿ ಬಾಗಿಲು ಮುಚ್ಚಿ ಬಂದ.

"ಮೇಡಂ, ಹೊರಗಿರೋರಿಗೆ ನಾನೇನೂ ಹೇಳಲ್ಲ. ಆದ್ರೆ ನನಗೆ ನಿಜ ಬೇಕು."

ಹೇಳಿದಳು. ಆಪರೇಷನ್, ಮಾತ್ರೆ, ಬಿಟ್ಟದ್ದು, ಎಲ್ಲವನ್ನೂ. ಅವನು ಬೈಯಲಿಲ್ಲ. "ತೂಕ ಬೇಗ ಇಳಿದಾಗ ಪಿತ್ತದಲ್ಲಿ ಕೊಬ್ಬಿನಂಶ ಜಾಸ್ತಿಯಾಗಿ ಕಲ್ಲಾಗುತ್ತೆ. ನಿಮ್ಮ ಪಿತ್ತಕೋಶ ತುಂಬಾ ಕಲ್ಲಿದೆ, ಊದ್ಕೊಂಡಿದೆ ಕೂಡ. ಒಂದು ಕಲ್ಲು ಪಿತ್ತನಾಳಕ್ಕೆ ಜಾರಿದ್ರೂ ಕಷ್ಟ. ಬೇರೆಯವರಿಗಾದ್ರೆ ಬಾಯಿಂದ ಟ್ಯೂಬ್ ಬಿಟ್ಟು ತೆಗೀಬಹುದು. ನಿಮಗೆ ಕರುಳಿನ ದಾರೀನೇ ಬದಲಾಗಿದೆ. ಇದನ್ನ ನಮ್ಮಿಂದ ಮುಚ್ಚಿಟ್ಟಿದ್ರೆ ಏನಾಗ್ತಿತ್ತು ಹೇಳಿ? ಪುಣ್ಯಕ್ಕೆ ಸದ್ಯ ಜಾರಿಲ್ಲ. ನಾಳೆ ಬೆಳಿಗ್ಗೆ ಪಿತ್ತಕೋಶ ತೆಗೆದುಬಿಡೋಣ."

ಅವ್ವನಿಗೆ ಫೋನ್ ಮಾಡಿದಳು. ಕಾಶವ್ವ ಬಸ್ಸು ಹತ್ತಿದರೂ ಬಂದು ಮುಟ್ಟುವುದು ಮರುದಿನವೇ. ಒಪ್ಪಿಗೆ ಪತ್ರಕ್ಕೆ ಅವಳ ಜೊತೆ ಇನ್ನೊಬ್ಬರ ಸಹಿ ಬೇಕೆಂದು ನರ್ಸ್ ಹೇಳಿದಾಗ ತ್ರಿವಿಕ್ರಮ ಪೆನ್ನು ತೆಗೆದ. ಹಮ್ಜಾ ಮೇಲಿನ ಹಾಳೆಗಳನ್ನು ಮಡಚಿ, ಸಹಿಯ ಜಾಗವನ್ನಷ್ಟೇ ಮುಂದಿಟ್ಟ. ಅವನು ಮಾತು ಉಳಿಸಿಕೊಂಡಿದ್ದ. ಇನ್ನೊಂದು ನಿಮಿಷ ಸುಮ್ಮನಿದ್ದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು.

"ಓದಿ ಸಹಿ ಮಾಡ್ರಿ," ಎಂದಳು ಪದ್ಮಶ್ರೀ. "ಪೂರ್ತಿ ಓದ್ರಿ."

ತ್ರಿವಿಕ್ರಮ ಮಡಿಕೆ ಬಿಚ್ಚಿ ಓದಿದ. ಒಂದು ಸಾಲಿನ ಹತ್ತಿರ ಬೆರಳು ನಿಂತಿತು.

"ಇದು ಯಾರದ್ದೋ ಬೇರೆಯವರ ಫಾರಂ ಇರ್ಬೇಕು."

"ನಂದ ಅದು." ಎಂಟು ವರ್ಷ ಬೆಂಗಳೂರಿನಲ್ಲಿದ್ದು ಕಲಿತ ಮಾತು ಕೈಬಿಟ್ಟು ಅವಳ ಬಾಯಿಗೆ ಊರಿನ ಮಾತೇ ಬಂತು. "ನಾ ನಡದು ಸಣ್ಣಾಗಿಲ್ರಿ. ನೀವು ಭೆಟ್ಟಿ ಆಗೂಕಿಂತ ನಾಕು ತಿಂಗಳ ಮೊದಲ ಆಪರೇಷನ್ ಆಗಿತ್ತು. ಮೊದಲ ದಿನ ನಾಚಿಕಿಗೆ ಸುಳ್ಳು ಹೇಳಿದೆ. ಆಮ್ಯಾಲೆ ನಿಮ್ಮನ್ನ ಕಳಕೊಳ್ಳೂ ಅಂಜಿಕಿಗೆ ಹೇಳಿದೆ."

ಅವನು ಕಿಟಕಿಯ ಕಡೆ ನೋಡಿದ. ಹುಬ್ಬಿನ ಮೇಲೆ ಹೊಲಿಗೆಯ ಗುರುತು ಇನ್ನೂ ತೆಳ್ಳಗೆ ಕಾಣುತ್ತಿತ್ತು.

"ಆರು ತಿಂಗಳು," ಎಂದ ಕೊನೆಗೆ. "ಆರು ತಿಂಗಳು ದಿನಾ ಕನ್ನಡಿ ಮುಂದೆ ನಿಂತು ನನ್ನನ್ನ ನಾನೇ ಬೈಕೊಂಡಿದ್ದೀನಿ. ಸೋಮಾರಿ, ಕೈಲಾಗದೋನು ಅಂತ. ನೀನು ನೋಡ್ತಾನೇ ಇದ್ದೆ."

ಅಲ್ಲಿಯವರೆಗೆ ಅವನು ಅವಳನ್ನು ಒಮ್ಮೆಯೂ ಏಕವಚನದಲ್ಲಿ ಕರೆದಿರಲಿಲ್ಲ. ಅವಳು ಎಷ್ಟೋ ದಿನದಿಂದ ಕಾದಿದ್ದ 'ನೀನು' ಹೀಗೆ ಬಂತು.

ಅವನು ಸಹಿ ಹಾಕಿದ. ಪೆನ್ನಿನ ಮುಚ್ಚಳ ಹಾಕಿ ಹೊರಟುಹೋದ.

ಮರುದಿನ ಬೆಳಿಗ್ಗೆ ಥಿಯೇಟರಿಗೆ ಒಯ್ಯುವಾಗ ಕಾರಿಡಾರಿನ ಉದ್ದಕ್ಕೂ ಕಣ್ಣಾಡಿಸಿದಳು. ಅವನಿರಲಿಲ್ಲ. ಎಚ್ಚರವಾದಾಗ ಮಧ್ಯಾಹ್ನವಾಗಿತ್ತು. ಭುಜ ನೋಯುತ್ತಿತ್ತು, ಬಾಯಿ ಒಣಗಿತ್ತು. ಹಣೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದವರು ಸುಮಾ.

"ಎಲ್ಲಾ ಸರಿಯಾಯ್ತಂತೆ ಕಣಮ್ಮ. ಕಲ್ಲು ತೋರಿಸಿದ್ರು, ಒಳ್ಳೆ ಮೆಣಸಿನಕಾಳಿದ್ದಂಗಿತ್ತು. ನಿಮ್ಮಮ್ಮನೂ ಬಂದಿದ್ದಾರೆ, ಕೆಳಗೆ ಕಾಫಿ ಕುಡೀತಿದ್ದಾರೆ. ಛೆ, ನನ್ನ ಹೋಳಿಗೆಯಿಂದ ಹಿಂಗಾಯ್ತಲ್ಲ. ನಿನ್ನೆಯಿಂದ ನನ್ನನ್ನೇ ಬೈಕೋತಿದ್ದೀನಿ."

"ಇಲ್ರಿ, ನಿಮ್ಮ ಹೋಳಿಗಿದಲ್ಲ..."

"ವಿಕ್ಕೀನೂ ಅದೇ ಅಂದ. ಕಲ್ಲು ಯಾರಿಗೆ ಬೇಕಾದ್ರೂ ಆಗುತ್ತಮ್ಮಾ, ನಿನ್ನ ತಪ್ಪಲ್ಲ ಅಂತ."

ಅವನು ತಾಯಿಗೆ ಹೇಳಿರಲಿಲ್ಲ. ಅಷ್ಟು ನೊಂದೂ ಅವಳ ಮಾನ ಕಾದಿದ್ದ. ಪದ್ಮಶ್ರೀ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಸುಮಾ ನೋವೆಂದುಕೊಂಡು ನರ್ಸನ್ನು ಕೂಗಿದರು.

ಸಂಜೆ ಐದಕ್ಕೆ ಅವನು ಬಂದ. ಅಂಗಿಯ ತೋಳಿನಲ್ಲಿ ಸೀಮೆಸುಣ್ಣದ ಪುಡಿ. ಕುರ್ಚಿಯನ್ನು ಸ್ವಲ್ಪ ದೂರಕ್ಕೇ ಎಳೆದುಕೊಂಡು ಕುಳಿತ.

"ಅಮ್ಮಗ ಯಾಕ ಹೇಳಲಿಲ್ರಿ?"

"ಅದು ನೀನು ಹೇಳ್ಬೇಕಾಗಿರೋದು."

"ಸಿಟ್ಟು ಬಂದೈತಿ?"

"ತುಂಬಾ. ಬೆಳಿಗ್ಗೆ ಗೇಟ್ ತನಕ ಬಂದು ವಾಪಸ್ ಹೋದೆ."

"ಮತ್ತ ಈಗ?"

"ಪಾಠ ಮಾಡೋಕಾಗ್ಲಿಲ್ಲ. ಒಂದೇ ಡೆರಿವೇಶನ್ ಮೂರು ಸಲ ತಪ್ಪಿದೆ. ಹುಡುಗ್ರೇ 'ಸರ್, ಮನೆಗೆ ಹೋಗಿ' ಅಂದ್ರು." ಅವನು ಅವಳ ಮುಖವನ್ನು ನೇರವಾಗಿ ನೋಡಿದ. "ನೀನು ಆಪರೇಷನ್ ಮಾಡಿಸ್ಕೊಂಡಿದ್ದಕ್ಕಲ್ಲ ಪದ್ಮಾ ಸಿಟ್ಟು. ಅದಕ್ಕೂ ಧೈರ್ಯ ಬೇಕು. ನೀನೊಬ್ಬಳೇ ಅಷ್ಟೆಲ್ಲ ಅನುಭವಿಸಿ, ಮಾತ್ರೇನೂ ಬಿಟ್ಟು, ಸಾಯೋ ಸ್ಥಿತಿಗೆ ಬಂದ್ಯಲ್ಲ. ನನ್ನ ಪಕ್ಕದಲ್ಲೇ ನಡ್ಕೊಂಡು. ಅದಕ್ಕೆ."

ಕ್ಷಮಿಸು ಎಂದು ಅವಳು ಕೇಳಲಿಲ್ಲ. ಕೇಳಿದರೆ ಅವನು ಕೊಟ್ಟುಬಿಡುತ್ತಾನೆಂದು ಗೊತ್ತಿತ್ತು. ಅಷ್ಟು ಅಗ್ಗಕ್ಕೆ ಅದು ಅವಳಿಗೆ ಬೇಡವಾಗಿತ್ತು.

ಹೊಲಿಗೆ ಬಿಚ್ಚಿದ ಮೂರನೇ ದಿನ, ಅವ್ವನನ್ನು ಊರಿಗೆ ಕಳಿಸಿ, ಪದ್ಮಶ್ರೀ ಆರ್.ಟಿ. ನಗರಕ್ಕೆ ಹೋದಳು. ತ್ರಿವಿಕ್ರಮ ಮನೆಯಲ್ಲೇ ಇದ್ದ. ಅವನನ್ನು ಮಾತಾಡಬೇಡಿ ಎಂದು ಕಣ್ಣಲ್ಲೇ ತಡೆದು, ಸುಮಾ ಅವರ ಎದುರು ಕುಳಿತು ಎಲ್ಲವನ್ನೂ ತಾನೇ ಹೇಳಿದಳು.

ಸುಮಾ ಕೊನೆಯವರೆಗೂ ಕಿವಿಗೊಟ್ಟರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ನನ್ನ ಮಗ ಉಪವಾಸ ಬಿದ್ದು ಕ್ಲಾಸಲ್ಲಿ ತಲೆ ಒಡ್ಕೊಂಡ್ನಲ್ಲ. ಅವತ್ತೂ ಗೊತ್ತಿದ್ದು ಸುಮ್ನಿದ್ಯಾ?"

"ಹೌದ್ರಿ."

"ಅಮ್ಮಾ..." ಎಂದ ತ್ರಿವಿಕ್ರಮ.

"ನೀನು ಸುಮ್ನಿರು." ಸುಮಾ ಎದ್ದು ಒಳಗೆ ಹೋದರು. ಪಾತ್ರೆಗಳ ಸದ್ದು ಜೋರಾಗಿಯೇ ಕೇಳಿತು. ಪದ್ಮಶ್ರೀ ಬ್ಯಾಗೆತ್ತಿಕೊಂಡು ಬಾಗಿಲ ತನಕ ಬಂದಿದ್ದಳು. ಅಡುಗೆಮನೆಯಿಂದ ದನಿ ಬಂತು.

"ಎಲ್ಲಿಗೆ ಹೊರಟೆ? ಬೈಸ್ಕೊಂಡ ಮೇಲೆ ಊಟ ಮಾಡ್ದೆ ಹೋಗೋ ಪದ್ಧತಿ ನಮ್ಮನೇಲಿಲ್ಲ. ಜಿಡ್ಡು ಹಾಕಿಲ್ಲ. ಬರೀ ತಿಳಿಸಾರು, ಅನ್ನ. ಎಷ್ಟು ಸೇರುತ್ತೋ ಅಷ್ಟು ತಿನ್ನು, ಸಾಕಾದ್ರೆ ಸಾಕು ಅನ್ನು. ಸುಳ್ಳು ಹೇಳ್ಬೇಡ."

ಮೂರು ತುತ್ತು ತಿಂದು ಸಾಕು ಎಂದಳು. ಸುಮಾ ಬಲವಂತ ಮಾಡಲಿಲ್ಲ. ನಗಲೂ ಇಲ್ಲ. ಅದಕ್ಕೆ ದಿನ ಹಿಡಿಯುತ್ತದೆಂದು ಪದ್ಮಶ್ರೀಗೆ ಅರ್ಥವಾಯಿತು. ಹಿಡಿಯಬೇಕಾದದ್ದೇ.

ಬಿಸಿಲಿಳಿದ ರಸ್ತೆಯಲ್ಲಿ ತ್ರಿವಿಕ್ರಮ ಅವಳನ್ನು ಆಟೋ ಸ್ಟ್ಯಾಂಡಿನ ತನಕ ಬಿಡಲು ಬಂದ.

"ನಿನ್ನ ಹಳೇ ಡಾಕ್ಟರ ಹತ್ರ ಚೆಕಪ್ ಯಾವಾಗ?"

"ನಾಳೆ. ಅವರೂ ಬೈತಾರ."

"ನಾನೂ ಬರ್ತೀನಿ. ನನ್ನ ಮೈಗೆ ಏನು ಸರಿ ಅಂತ ನಾನೂ ಕೇಳ್ಬೇಕು. ಆಪರೇಷನ್ ಅಂದ್ರೆ ಆಪರೇಷನ್. ಆದ್ರೆ ಇಡೀ ಕಾಲೇಜಿಗೆ ಹೇಳ್ಕೊಂಡೇ ಮಾಡಿಸ್ಕೋತೀನಿ."

"ಮಾಡಿಸ್ಕೊಂಡ್ರ ಆಸ್ಪತ್ರ್ಯಾಗ ನಿಮ್ಮ ಹಂತೇಕ ನಾ ಕುಂದರ್ತೀನಿ."

"ಎಷ್ಟು ದಿನ?"

"ನೀವು ಮನಿಗೆ ಹೋಗೂತನಕ."

ಖಾಲಿ ಆಟೋ ಒಂದು ಮುಂದೆ ನಿಂತಿತು. ಅವನು ಕೈಯಾಡಿಸಿ ಕಳಿಸಿದ. ಎರಡನೆಯದನ್ನೂ ಕಳಿಸಿದ. ಅವಳ ಕಡೆ ತಿರುಗಿದಾಗ ಕಿವಿ ಕೆಂಪಾಗಿತ್ತು.

"ಆಮೇಲೆ?"

ಹೊಟ್ಟೆಯ ಗಾಯ ಇನ್ನೂ ಜುಮುಗುಡುತ್ತಿತ್ತು. ಅವಳು ಅವನ ಕೈಯನ್ನು ಹುಡುಕಿ ಹಿಡಿದಳು.

"ಆಮ್ಯಾಲೂ," ಎಂದಳು.