ಹದಿನೆಂಟನೇ ವಿಳಾಸ

ಜೀವನ್ ಎಂಬ ವಿದ್ಯಾರ್ಥಿಗೆ ಗಣಿತದಲ್ಲಿ ಬಂದಿದ್ದು ಹನ್ನೆರಡು ಅಂಕ. ಸೋಮವಾರ ಬೆಳಿಗ್ಗೆ ನೋಡಿದರೆ ಕಂಪ್ಯೂಟರಿನಲ್ಲಿ ನಲವತ್ತೆರಡು! ಹತ್ತೂವರೆಯೊಳಗೆ ಕುರುಬರಹಳ್ಳಿಯ ಆ ಕಾಲೇಜಿನಲ್ಲಿ ಗುಮಾಸ್ತೆ ಕುಸುಮಾಗೆ ಕಳ್ಳಿ ಎಂಬ ಪಟ್ಟ ಕಟ್ಟಿಯಾಗಿತ್ತು.

ಪ್ರಿನ್ಸಿಪಾಲ್ ರಾಚಪ್ಪ ನನಗೆ ಫೋನ್ ಮಾಡಿದರು. ಅಲ್ಲಿನ ನೆಟ್‌ವರ್ಕ್ ಹಾಕಿದವಳು ನಾನೇ, ವಿಜಯನಗರದ ರಮ್ಯಶ್ರೀ.

"ಅಂಕ ತಿದ್ದಿರೋದು 192.168.1.18 ಅನ್ನೋ ವಿಳಾಸದ ಕಂಪ್ಯೂಟರಿಂದ. ನಿಮ್ಮ ಪಟ್ಟಿಯಲ್ಲಿ ಹದಿನೆಂಟು ಕುಸುಮಾದು. ಬಂದು ಸೈನ್ ಹಾಕಿ ಹೋಗಿ. ಪೊಲೀಸ್ ಕಂಪ್ಲೇಂಟ್ ರೆಡಿ ಇದೆ."

ನನ್ನ ಪಟ್ಟಿ ಹಿಡಿದು ಒಬ್ಬಳ ಅನ್ನ ಕಿತ್ತುಕೊಳ್ಳುತ್ತಾರಂತೆ! ಮೈ ಉರಿಯಿತು.

*

ಕಾಲೇಜಿಗೆ ಹೋದವಳೇ, ಹೊರಗಿನವರು ವೈಫೈನಿಂದ ನುಗ್ಗಿರಬಹುದೇ ಎಂದು ಮೊದಲು ನೋಡಿದೆ. ಇಲ್ಲ. ವೈಫೈಗೆ ನೂರರಿಂದ ಮೇಲಿನ ವಿಳಾಸ ಕೊಟ್ಟಿದ್ದೆ. ಇದು ಆಫೀಸಿನೊಳಗಿನ ಕೆಲಸವೇ. ಅಂಕ ತುಂಬುವ ಪಾಸ್‌ವರ್ಡ್ ಕೇಳಿದರೆ ಎಲ್ಲರಿಗೂ ಒಂದೇ ಅಂತೆ. ಬೇಡ ಎಂದು ಎಷ್ಟು ಬಡಿದುಕೊಂಡಿದ್ದೆ!

ಕುಸುಮಾ ಕಣ್ಣೊರೆಸಿಕೊಳ್ಳುತ್ತಿದ್ದಳು. "ಮೇಡಂ, ನಾನು ಮುಟ್ಟೇ ಇಲ್ಲ. ಕೆಲ್ಸ ಹೋದ್ರೆ ಯಾರೂ ಸೇರಿಸ್ಕೊಳಲ್ಲ."

ಅವಳ ಕಂಪ್ಯೂಟರಿನ ವಿಳಾಸ ತೆಗೆದೆ. ಕೊನೆಯಲ್ಲಿ ಹದಿನೇಳು!

ಹದಿನೇಳನ್ನು ನಾನು ಕೊಟ್ಟಿದ್ದು ಸೂಪರಿಂಟೆಂಡೆಂಟ್ ಚನ್ನಕೇಶವ ಅವರಿಗೆ. ಒಂದೇ ವಿಳಾಸ ಎರಡು ಯಂತ್ರಗಳಿಗಿದ್ದರೆ ಜಗಳ ಬಿದ್ದು ನೆಟ್ ಕೈಕೊಡುತ್ತದೆ. ಇಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಹಾಗಾದರೆ ಯಾರೋ ಅದಲುಬದಲು ಮಾಡಿದ್ದಾರೆ.

*

"ಸಾರ್, ನಿಮ್ದು ಹದಿನೇಳು ತಾನೇ?" ಪ್ರಿನ್ಸಿಪಾಲರ ಮುಂದೆಯೇ ಚನ್ನಕೇಶವರನ್ನು ಕೇಳಿದೆ. ಕಳ್ಳಿ ಸಿಕ್ಕಿದ್ದು ಯಾವ ಅಂಕಿಯಿಂದ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

"ಹದಿನೇಳಾ? ಥೂ! ಒಂದೂ ಏಳೂ ಎಂಟು. ಶನಿ ಕಣಮ್ಮ! ಜೂನ್‌ನಲ್ಲೇ ನಾನೇ ಕೂತು ಚೇಂಜ್ ಮಾಡಿದೆ. ಅದನ್ನ ಕುಸುಮಾಗೆ ಹಾಕಿ ಹದಿನೆಂಟು ತಗೊಂಡೆ. ಒಂಬತ್ತು ನನಗೆ ಆಗಿಬರತ್ತೆ."

ರಾಚಪ್ಪ ಕೈಯಲ್ಲಿದ್ದ ಪಟ್ಟಿ ನೋಡಿದರು.

"ವಿಳಾಸ ಮನೆ ನಂಬರ್ ಇದ್ದ ಹಾಗೆ ಸಾರ್, ಯಾರು ಬೇಕಾದ್ರೂ ಬದಲಾಯಿಸಬಹುದು," ಎಂದೆ. "ಆದ್ರೆ ಪ್ರತಿ ಯಂತ್ರಕ್ಕೂ ಹುಟ್ಟಿನಿಂದ ಬಂದ ಒಂದು ನಂಬರ್ ಇರುತ್ತೆ. ಯಾವತ್ತು ಯಾವ ಯಂತ್ರ ಯಾವ ವಿಳಾಸದಲ್ಲಿತ್ತು ಅಂತ ಸರ್ವರ್ ಬರ್ಕೊಂಡಿದೆ. ಅಂಕ ತಿದ್ದಿದ್ದು ಶನಿವಾರ ಮಧ್ಯಾಹ್ನ ಮೂರಕ್ಕೆ, ಇವರ ಯಂತ್ರದಿಂದ. ಕುಸುಮಾ ಆ ದಿನ ರಜಾ. ಹಾಜರಿ ಪುಸ್ತಕ ತೆಗೀರಿ."

"ಜೀವನ್ ನನ್ನ ತಂಗಿ ಮಗ..." ಚನ್ನಕೇಶವ ತೊದಲಿದರು. "ಅವಳ ಹೆಸರು ಬರುತ್ತೆ ಅಂತ ಗೊತ್ತಿರಲಿಲ್ಲ."

"ಬಂದ ಮೇಲೆ ಗೊತ್ತಾಯ್ತಲ್ಲ! ಬೆಳಿಗ್ಗೆಯಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಲ್ಲ!" ನಾನು ಕೂಗಿಯೇ ಬಿಟ್ಟೆ.

ರಾಚಪ್ಪ ಗಂಟಲು ಸರಿಮಾಡಿಕೊಂಡರು. "ಆಯ್ತು, ಕಾಲೇಜಿನ ಮರ್ಯಾದೆ ಪ್ರಶ್ನೆ. ಇಲ್ಲಿಗೇ ಬಿಡೋಣ. ಕುಸುಮಾ, ನೀನು ಕೆಲ್ಸ ನೋಡ್ಕೊಳಮ್ಮ." ದೂರಿನ ಪತ್ರವನ್ನು ಮಡಚಿ ಮೇಜಿನ ಡ್ರಾಯರಿಗೆ ಹಾಕಹೋದರು.

ಕುಸುಮಾ ಅವರ ಕೈಯಿಂದ ಅದನ್ನು ಕಿತ್ತುಕೊಂಡಳು.

"ನನ್ ಹೆಸ್ರಿದ್ದಾಗ ಸ್ಟೇಷನ್ನಿಗೆ ಹೊರಟಿತ್ತು. ಈಗ ಯಾಕೆ ಡ್ರಾಯರ್‌ಗೆ ಹೋಗ್ತಿದೆ ಸಾರ್?"